ಸಮುದ್ರದಲ್ಲಿ ಏನೂ ನಡೆಯಲ್ಲ ಅನ್ನೋ ಮಾತಿಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧದ ಚಿತ್ರಕಲೆ ಬಗ್ಗೆ ಬಂದ ಲೇಖನ ಓದಿದೆ, ಎರಡು ಸಲ ಓದಿದೆ, ಚೆನ್ನಾಗಿತ್ತು, ಇಂಥಾ ವಿಷಯಕ್ಕೆ ಪೂರ್ತಿ ಒಂದು ಪುಟ ಕೊಟ್ಟಿದ್ದಕ್ಕೆ ಮೊದಲು ಥ್ಯಾಂಕ್ಸ್ ಹೇಳ್ಬೇಕು. ಆದ್ರೆ ಅದರಲ್ಲಿದ್ದ ಒಂದು ಮಾತು ವಾರ ಪೂರ್ತಿ ನನ್ನನ್ನ ಬಿಡಲೇ ಇಲ್ಲ. ಬಾಂಬರ್ ವಿಮಾನ ಹೊತ್ತಿ ಉರಿಯೋದನ್ನ ಬರೆದ ಚಿತ್ರಕಾರರು ಬೇಕಾದಷ್ಟು ಜನ ಇದ್ದಾರೆ, ವಿಮಾನ ಬಿದ್ದಮೇಲೆ ರಬ್ಬರ್ ದೋಣಿಯಲ್ಲಿ ದಿನಗಟ್ಟಲೆ ತೇಲಿ ಬದುಕಿದವರನ್ನ ಬರೆದವರು ಕಮ್ಮಿ, ಯಾಕಂದ್ರೆ ಅಲ್ಲಿ ಏನೂ ನಡೆಯಲ್ಲ, ಚಿತ್ರ ಆಗೋ ಥರದ್ದು ಏನೂ ಇರಲ್ಲ, ಅಂತ ಲೇಖಕರು ಒಂದು ಸಾಲಲ್ಲಿ ಹೇಳಿ ಮುಂದಕ್ಕೆ ಹೋಗ್ಬಿಟ್ಟಿದ್ದಾರೆ. ನಾನು ವರ್ಷಗಟ್ಟಲೆ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಟ್ಟು ರಿಟೈರ್ ಆದವನು, ಎರಡು ವರ್ಷದಿಂದ ಸರಿಯಾಗಿ ಅದೇ "ಏನೂ ನಡೆಯದ" ವಿಷಯದ ಮೇಲೆ ಒಂದೇ ಒಂದು ಆಯಿಲ್ ಪೇಂಟಿಂಗ್ ಹಿಡ್ಕೊಂಡು ಕೂತಿದೀನಿ, ಹಾಗಾಗಿ ಸುಮ್ನಿರೋಕೆ ಆಗಲಿಲ್ಲ, ಬರೀತಾ ಇದೀನಿ. ಪತ್ರ ಉದ್ದ ಆದ್ರೆ ಕ್ಷಮಿಸಿ.

ನಾನು ಬರೀತಿರೋದು 1942ರ ಜನವರಿಯ ಕಥೆ. ಅಮೆರಿಕದ ಎಂಟರ್‌ಪ್ರೈಸ್ ಅನ್ನೋ ವಿಮಾನವಾಹಕ ಹಡಗಿಂದ ಹಾರಿದ ಒಂದು ಡೆವಾಸ್ಟೇಟರ್, ಅಂದ್ರೆ ಟಾರ್ಪಿಡೋ ಹೊರೋ ಬಾಂಬರ್, ಸಬ್‌ಮರೀನ್ ಹುಡುಕ್ತಾ ಹೋಗಿ ದಾರಿ ತಪ್ಪಿ, ಪೆಟ್ರೋಲ್ ಖಾಲಿಯಾಗಿ ಜನವರಿ 16ಕ್ಕೆ ಪೆಸಿಫಿಕ್ ಸಮುದ್ರದ ಮೇಲೆ ಇಳೀತು. ಒಳಗಿದ್ದೋರು ಮೂರೇ ಜನ, ಪೈಲಟ್ ಹೆರಾಲ್ಡ್ ಡಿಕ್ಸನ್, ಬಾಂಬ್ ನೋಡ್ಕೊಳ್ಳೋ ಟೋನಿ ಪಾಸ್ಟುಲಾ, ರೇಡಿಯೋ ಮತ್ತು ಗನ್ ನೋಡ್ಕೊಳ್ಳೋ ಜೀನ್ ಆಲ್ಡ್ರಿಚ್. ಡಿಕ್ಸನ್‌ಗೆ ನಲವತ್ತು ದಾಟಿತ್ತು, ಉಳಿದಿಬ್ಬರು ಇಪ್ಪತ್ತರ ಆಚೆ ಈಚೆ ಹುಡುಗರು. ವಿಮಾನ ಬೇಗ ಮುಳುಗಿದ್ದರಿಂದ ಊಟ ನೀರು ಏನೂ ತಗೊಳ್ಳೋಕೆ ಆಗಲಿಲ್ಲ, ಕೈಯಲ್ಲಿ ಉಳಿದಿದ್ದು ಒಂದು ಚಾಕು, ಒಂದು ಪಿಸ್ತೂಲು, ಇಕ್ಕಳ, ಇಂಥಾ ಸಣ್ಣಪುಟ್ಟ ಸಾಮಾನು ಅಷ್ಟೇ. ಅವರು 34 ದಿನ ವಿಮಾನದಲ್ಲಿದ್ದ ರಬ್ಬರ್ ದೋಣಿಯಲ್ಲಿ ಇದ್ದರು. ಚಾಕುವಿಂದ ಮೀನು ತಿವಿದರು, ಪಿಸ್ತೂಲಿಂದ ಹಕ್ಕಿ ಹೊಡೆದರು, ಮಳೆ ಬಂದಾಗ ಬಟ್ಟೆ ನೆನೆಸಿ ಹಿಂಡ್ಕೊಂಡು ಕುಡಿದರು, ದೋಣಿ ಒಂದಲ್ಲ ಎರಡಲ್ಲ ಅಷ್ಟು ಸಲ ಮಗುಚಿ ಬಟ್ಟೆಬರೆಯೂ ಹೋಯ್ತು, ಕೊನೆಗೆ ಸಾವಿರ ಮೈಲಿ ಹತ್ರ ತೇಲಿ ಫೆಬ್ರವರಿ 19ಕ್ಕೆ ಕುಕ್ ದ್ವೀಪಗಳ ಪುಕಾಪುಕಾ ಅನ್ನೋ ಹವಳದ ದ್ವೀಪದ ದಡ ಸೇರಿದರು. ಮೂರೂ ಜನ ಬದುಕಿದರು.

ಈಗ ಇದನ್ನ ಕೇಳಿದ ತಕ್ಷಣ ಯಾರಿಗಾದ್ರೂ ಬರೆಯಬೇಕು ಅನ್ಸೋ ಸೀನ್ ಯಾವುದು ಹೇಳಿ. ವಿಮಾನ ನೀರಿಗೆ ಬಡಿಯೋದು, ಇಲ್ಲಾ ದೋಣಿ ಮಗುಚೋದು, ಇಲ್ಲಾ ದಡ ಸೇರೋದು. ನಾನೂ ಮೊದಲ ಆರು ತಿಂಗಳು ಅವನ್ನೇ ಸ್ಕೆಚ್ ಮಾಡಿದೆ. ಅದರಲ್ಲೂ ದಡದ ಸೀನ್ ತುಂಬಾ ಆಸೆ ಹುಟ್ಟಿಸ್ತು, ಯಾಕಂದ್ರೆ ಆ ದ್ವೀಪದಲ್ಲಿ ಜಪಾನಿ ಸೈನಿಕರು ಇದ್ದರೂ ಇರಬಹುದು ಅಂತ ಅವರಿಗೆ ಅನುಮಾನ, ಹಂಗಿದ್ರೂ ತೆವಳ್ಕೊಂಡು ಹೋಗಬಾರದು ಅಂತ ಡಿಕ್ಸನ್ ನಿರ್ಧಾರ ಮಾಡಿದ, ನಿಲ್ಲೋಕೆ ತ್ರಾಣ ಇಲ್ಲದ ಮೂರು ಜನ ಒಬ್ಬರಿಗೊಬ್ಬರು ಆನ್ಕೊಂಡು ನೆಟ್ಟಗೆ ನಡೆಯೋಕೆ ನೋಡಿದರು. ಒಳ್ಳೇ ಚಿತ್ರನೇ ಅದು, ಇಲ್ಲ ಅನ್ನಲ್ಲ. ಆದ್ರೆ ಅದು 34ನೇ ದಿನದ ಚಿತ್ರ. ಅದಕ್ಕೆ ಮುಂಚಿನ ಮೂವತ್ಮೂರು ದಿನ ಎಲ್ಲಿ ಹೋಯ್ತು? ಅದನ್ನ ಬಿಟ್ಟು ದಡ ಬರೆದರೆ ನಡಿಗೆಯ ಭಾರ ನೋಡೋರಿಗೆ ಹೆಂಗೆ ಗೊತ್ತಾಗಬೇಕು?

ನನ್ನ ಚಿತ್ರ ದಾರಿಗೆ ಬಂದಿದ್ದು ಒಂದು ಅಳತೆಯಿಂದ. ಆ ದೋಣಿ ಹೊರಗಿಂದ 8 ಅಡಿ ಉದ್ದ, 4 ಅಡಿ ಅಗಲ. ಸುತ್ತ ಗಾಳಿ ತುಂಬಿದ ದಪ್ಪ ಟ್ಯೂಬು, ಅದನ್ನ ಕಳೆದರೆ ಒಳಗೆ ಕೂರೋ ಜಾಗ 80 ಇಂಚು ಉದ್ದ, 40 ಇಂಚು ಅಗಲ ಮಾತ್ರ. ಓದುವಾಗ ಇದು ಬರೀ ನಂಬರು. ಒಂದಿನ ಮನೆಯ ನೆಲದ ಮೇಲೆ ಚಾಕ್‌ಪೀಸಲ್ಲಿ 80ಕ್ಕೆ 40 ಗೆರೆ ಎಳೆದು, ನನ್ನ ತಮ್ಮನ್ನ, ಅವನ ಮಗನ್ನ ಕರೆದು ಮೂರೂ ಜನ ಅದರೊಳಗೆ ಕೂತ್ವಿ. ಮೂರು ಗಂಡಸರು. ಕೂತ ಎರಡೇ ನಿಮಿಷಕ್ಕೆ ಕಾಲು ಎಲ್ಲಿ ಇಡೋದು ಅನ್ನೋ ಪ್ರಶ್ನೆ ಶುರುವಾಯ್ತು. ತಮ್ಮನ ಕಾಲು ನನ್ನ ಸೊಂಟದ ಪಕ್ಕ, ನನ್ನ ಮೊಣಕಾಲು ಹುಡುಗನ ಎದೆಗೆ, ಹುಡುಗನ ಪಾದ ತಮ್ಮನ ತೊಡೆ ಕೆಳಗೆ. ಒಬ್ಬ ಅಲುಗಾಡಬೇಕಂದ್ರೆ ಮೂರೂ ಜನ ಅಲುಗಾಡಬೇಕು. ಇಪ್ಪತ್ತು ನಿಮಿಷಕ್ಕೆ ನನ್ನ ಎಡಗಾಲು ಜೋಮು ಹಿಡೀತು, ಹೇಳೋಕೆ ಸಂಕೋಚ ಆಗಿ ಸುಮ್ನಿದ್ದೆ, ಆಮೇಲೆ ನೋಡಿದ್ರೆ ತಮ್ಮನಿಗೂ ಹಂಗೇ ಆಗಿತ್ತು, ಅವನೂ ಬಾಯಿ ಬಿಟ್ಟಿರಲಿಲ್ಲ. ನಾವು ಕೂತಿದ್ದು ಒಣಗಿದ ಗಟ್ಟಿ ನೆಲದ ಮೇಲೆ, ಫ್ಯಾನ್ ಕೆಳಗೆ. ಅವರು ಕೂತಿದ್ದು ತೆಳ್ಳನೆ ರಬ್ಬರ್ ಬಟ್ಟೆ ಮೇಲೆ, ಕೆಳಗೆ ನೀರು, ಒಳಗೂ ನೀರು, ಮೈಯೆಲ್ಲಾ ಉಪ್ಪಿಗೆ ಹುಣ್ಣಾಗಿ ತಾಗಿದ ಕಡೆ ಎಲ್ಲಾ ಉರಿ. ಅವತ್ತು ರಾತ್ರಿ ಹಳೇ ಸ್ಕೆಚ್ ತೆಗೆದು ನೋಡಿದೆ, ನಾನು ಬರೆದಿದ್ದ ದೋಣಿ ಸೋಫಾ ಥರ ಇತ್ತು, ಮೂರು ಜನ ಆರಾಮಾಗಿ ಕೈ ಚಾಚಿ ಕೂತಿದ್ರು. ಎಲ್ಲಾ ಹರಿದು ಹಾಕಿದೆ. ಸಂಪಾದಕರೇ, ಆ ಚಾಕ್‌ಪೀಸ್ ಗೆರೆಯೊಳಗೆ ಇಪ್ಪತ್ತು ನಿಮಿಷದಲ್ಲಿ ನಡೆದಿದ್ದನ್ನೇ ಬರೆದರೆ ಒಂದು ಚಿತ್ರ ಆಗುತ್ತೆ. ಯಾರ ಕಾಲು ಯಾರ ಮೇಲೆ, ಯಾರು ಯಾರಿಗೆ ಜಾಗ ಬಿಟ್ಕೊಟ್ಟಿದ್ದಾರೆ, ಯಾರು ನೋವು ಮುಚ್ಚಿಟ್ಕೊಂಡಿದ್ದಾರೆ, ಇದೆಲ್ಲಾ "ಏನೂ ನಡೆಯದೇ ಇರೋದು" ಹೆಂಗಾಗುತ್ತೆ?

ಎರಡನೇ ಕಷ್ಟ ದಿಗಂತದ ಗೆರೆ. ಚಿತ್ರ ಬರೆಯೋರಿಗೆ ಗೊತ್ತು, ಕಣ್ಣು ಎಷ್ಟು ಎತ್ತರದಲ್ಲಿದೆಯೋ ದಿಗಂತ ಅಷ್ಟು ಎತ್ತರಕ್ಕೆ ಬರುತ್ತೆ, ಅದನ್ನ ಎಲ್ಲಿ ಎಳೀತೀರ ಅನ್ನೋದರ ಮೇಲೆ ನೋಡೋನು ಎಲ್ಲಿ ನಿಂತಿದ್ದಾನೆ ಅನ್ನೋದು ತೀರ್ಮಾನ ಆಗುತ್ತೆ. ಇಂಥಾ ಚಿತ್ರಗಳಲ್ಲಿ ನಾನು ನೋಡಿರೋ ಬಹಳಷ್ಟರಲ್ಲಿ ದಿಗಂತ ಮೇಲೆ ಇರುತ್ತೆ, ದೋಣಿ ಕೆಳಗೆ, ಸುತ್ತ ವಿಶಾಲವಾದ ನೀಲಿ. ಅದು ಬದುಕುಳಿದವನ ಕಣ್ಣಲ್ಲ, ಮೇಲಿಂದ ಹುಡುಕ್ತಾ ಬರೋ ವಿಮಾನದವನ ಕಣ್ಣು. ದೋಣಿಯಲ್ಲಿ ಕೂತೋನ ಕಣ್ಣು ನೀರಿಂದ ಮುಕ್ಕಾಲು ಮೀಟರ್ ಮೇಲೆ ಇದ್ರೆ ಹೆಚ್ಚು. ಲೆಕ್ಕ ಹಾಕಿದ್ರೆ ಅಲೆ ಇಲ್ಲದ ದಿನದಲ್ಲೂ ಅವನಿಗೆ ಕಾಣೋ ಸಮುದ್ರ ಸುಮಾರು 3 ಕಿಲೋಮೀಟರ್ ಅಷ್ಟೇ. ಅಲೆ ಇದ್ದರೆ, ಎರಡು ಅಲೆ ನಡುವಿನ ತಗ್ಗಿಗೆ ಇಳಿದಾಗ ಏನೂ ಇಲ್ಲ, ನಾಲ್ಕೂ ಕಡೆ ನೀರಿನ ಗೋಡೆ, ಆಮೇಲೆ ಅಲೆ ಎತ್ತಿದಾಗ ಒಂದೆರಡು ಸೆಕೆಂಡು ದಿಗಂತ ಕಾಣುತ್ತೆ, ಆ ಒಂದೆರಡು ಸೆಕೆಂಡಲ್ಲಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಸುತ್ತ ನೋಡ್ಬೇಕು, ಮತ್ತೆ ತಗ್ಗು. ದಿನಕ್ಕೆ ಎಷ್ಟು ಸಾವಿರ ಸಲ ಇದು! ಸಮುದ್ರ ಅಂದ್ರೆ ವಿಶಾಲ ಅಂತ ನಾವು ಅಂದ್ಕೋತೀವಿ, ಅವರಿಗೆ ಅದು ಒಂದು ಇಕ್ಕಟ್ಟಾದ ಜಾಗ ಆಗಿತ್ತು. ಅದಕ್ಕೇ ನನ್ನ ಕ್ಯಾನ್ವಾಸಲ್ಲಿ ದಿಗಂತ ಕೆಳಕ್ಕೆ ಬಂತು, ಆಲ್ಡ್ರಿಚ್‌ನ ಭುಜದ ಮಟ್ಟಕ್ಕೆ, ಅದೂ ಎಡಗಡೆ ಒಂದು ಗೇಣು ಮಾತ್ರ, ಉಳಿದಿದ್ದೆಲ್ಲಾ ಅಲೆಯ ಬೆನ್ನು.

ಹಾಗಂತ ಮೇಲಿನವನಿಗೆ ಸುಲಭ ಅಂತಲ್ಲ. 300 ಮೀಟರ್ ಎತ್ತರದಲ್ಲಿ ಹಾರೋ ವಿಮಾನಕ್ಕೆ ದಿಗಂತ 60 ಕಿಲೋಮೀಟರ್‌ಗೂ ಆಚೆ ಇರುತ್ತೆ, ಅಷ್ಟು ನೀರು ಕಣ್ಣ ಮುಂದೆ, ಆದ್ರೆ ಎಂಟಡಿ ದೋಣಿ 10 ಕಿಲೋಮೀಟರ್ ದೂರ ಹೋದರೆ ಕೈ ಚಾಚಿ ಹಿಡಿದ ಕೂದಲೆಳೆಯಷ್ಟು ದಪ್ಪ ಕಾಣಬೇಕು, ಅಂದ್ರೆ ಕಾಣಲ್ಲ, ಅದರ ಮೇಲೆ ಬಿಳಿ ನೊರೆ, ಬಿಸಿಲಿನ ಮಿಂಚು. 1943ರ ಮೇ 27ಕ್ಕೆ ಹವಾಯಿಂದ ಹೊರಟು ಬಿದ್ದ ಗ್ರೀನ್ ಹಾರ್ನೆಟ್ ಅನ್ನೋ ಬಿ-24 ಬಾಂಬರ್‌ನ ಕಥೆಯಲ್ಲಿ ಇದೇ ಆಯ್ತು. ಒಲಿಂಪಿಕ್ ಓಟಗಾರ ಲೂಯಿ ಝಾಂಪೆರಿನಿ ಅದರಲ್ಲಿದ್ದ, 1936ರ ಬರ್ಲಿನ್ ಒಲಿಂಪಿಕ್ಸಲ್ಲಿ 5000 ಮೀಟರ್ ಓಡಿದವನು. ಹನ್ನೊಂದು ಜನರಲ್ಲಿ ನೀರಿಂದ ಮೇಲೆ ಬಂದೋರು ಮೂವರು. ಹತ್ತಿರದಲ್ಲೇ ತಮ್ಮವರದ್ದೇ ಬಿ-24 ಹಾದುಹೋಯ್ತು, ಇವರು ಫ್ಲೇರ್ ಹಾರಿಸಿದರು, ನೀರಿಗೆ ಬಣ್ಣ ಬಿಟ್ಟರು, ವಿಮಾನ ತನ್ನ ಪಾಡಿಗೆ ತಾನು ಹೊರಟುಹೋಯ್ತು. 33ನೇ ದಿನ ಒಬ್ಬ ತೀರಿಕೊಂಡ, ಉಳಿದಿಬ್ಬರು 47 ದಿನ ತೇಲಿ ಮಾರ್ಷಲ್ ದ್ವೀಪಗಳ ಹತ್ರ ಜಪಾನಿಗಳ ಕೈಗೆ ಸಿಕ್ಕಿ ಸೆರೆಮನೆಗೆ ಹೋದರು. ವಿಮಾನ ಹೊರಟುಹೋದಮೇಲಿನ ಆ ಐದು ನಿಮಿಷ ಇದೆಯಲ್ಲ, ಹಸಿರು ಬಣ್ಣ ನೀರಲ್ಲಿ ನಿಧಾನಕ್ಕೆ ಕರಗ್ತಾ ಇರೋದು, ಮೂವರಲ್ಲಿ ಯಾರೂ ಯಾರ ಮುಖವನ್ನೂ ನೋಡದೇ ಇರೋದು, ಅದನ್ನ ಯಾರಾದ್ರೂ ನನಗಿಂತ ಕೈ ಪಳಗಿದವರು ಬರೀಬೇಕು ಅಂತ ನನಗೆ ತುಂಬಾ ಆಸೆ.

ಬಣ್ಣದ ಬಗ್ಗೆ ಸ್ವಲ್ಪ ಹೇಳ್ಬೇಕು. ಇಂಥಾ ದೋಣಿ, ಲೈಫ್ ಜಾಕೆಟ್ಟು ಎಲ್ಲಾ ಹಳದಿ, ದೂರಕ್ಕೆ ಕಾಣಲಿ ಅಂತಲೇ ಹಳದಿ. ಕ್ಯಾಡ್ಮಿಯಂ ಯೆಲ್ಲೋ ಟ್ಯೂಬಿಂದ ಹಿಂಡಿ ಹಾಗೇ ಹಚ್ಚಿದರೆ ಚಿತ್ರದಲ್ಲಿ ಬೇರೆ ಏನೂ ಉಳಿಯಲ್ಲ, ಕಣ್ಣು ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ, ಮಕ್ಕಳ ಆಟದ ಸಾಮಾನಿನ ಥರ ಆಗುತ್ತೆ. ನಿಜವಾಗಿ ಒದ್ದೆ ರಬ್ಬರ್ ಬಟ್ಟೆ ಮೋಡದ ಬೆಳಕಲ್ಲಿ ಸ್ವಲ್ಪ ಹಸಿರಿಗೆ ತಿರುಗುತ್ತೆ, ಮೈ ಉಜ್ಜಿದ ಕಡೆ ಮಾಸಿರುತ್ತೆ, ಉಪ್ಪು ಒಣಗಿದ ಅಂಚಲ್ಲಿ ಬಿಳಿ ಪುಡಿ. ನಾನು ಓಕರ್ ಅನ್ನೋ ಮಣ್ಣಿನ ಹಳದಿ ಜೊತೆ ಚೂರು ವಿರಿಡಿಯನ್ ಹಸಿರು ಸೇರಿಸಿ, ಒರೆಸಿ, ಮತ್ತೆ ಹಚ್ಚಿ, ಮೂರು ತಿಂಗಳು ಹಳದಿ ಮೇಲೇ ಇದ್ದೆ. ಕೊನೆಗೆ ನಿಜವಾದ ಹಳದಿ ಒಂದೇ ಕಡೆ ಇಟ್ಟೆ, ಪಾಸ್ಟುಲಾನ ಬೆನ್ನ ಹಿಂದೆ ಟ್ಯೂಬಿನ ಮಡಿಕೆ ಒಳಗೆ, ಬಿಸಿಲು ಉಪ್ಪು ತಾಗದ ಜಾಗದಲ್ಲಿ, ಒಂದು ಬೆರಳಗಲ. ದೋಣಿ ಹೊಸದಾಗಿದ್ದಾಗ ಹೆಂಗಿತ್ತು ಅನ್ನೋದಕ್ಕೆ ಅಷ್ಟು ಸಾಕು.

ಇನ್ನು ಘಟನೆ ಅಂತ ಬೇಕೇ ಬೇಕು ಅನ್ನೋರಿಗೆ ಮೊದಲನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಅಮೆರಿಕದ ಪೈಲಟ್ ಎಡ್ಡಿ ರಿಕನ್‌ಬ್ಯಾಕರ್ ಕಥೆ ಇದೆ. 1942ರ ಅಕ್ಟೋಬರಲ್ಲಿ ಅವನಿದ್ದ ಬಿ-17 ಬಾಂಬರ್ ಇಳೀಬೇಕಾದ ದ್ವೀಪ ಸಿಗದೆ ಪೆಸಿಫಿಕ್‌ಗೆ ಇಳೀತು, ಎಂಟು ಜನ, ಮೂರು ದೋಣಿ ಹಗ್ಗದಿಂದ ಒಂದಕ್ಕೊಂದು ಕಟ್ಟಿಕೊಂಡು 24 ದಿನ, ಊಟಕ್ಕೆ ಇದ್ದಿದ್ದು ನಾಲ್ಕು ಕಿತ್ತಳೆ ಹಣ್ಣು. ಎಂಟನೇ ದಿನ ಒಂದು ಕಡಲಹಕ್ಕಿ ಬಂದು ರಿಕನ್‌ಬ್ಯಾಕರ್ ತಲೆ ಮೇಲೆ ಕೂತಿತು. ಅವನು ಕೈಯನ್ನ ಇಷ್ಟಿಷ್ಟೇ ಮೇಲೆತ್ತಿ ಅದನ್ನ ಹಿಡಿದ, ಎಲ್ಲರೂ ಹಂಚ್ಕೊಂಡು ತಿಂದರು, ಕರುಳನ್ನ ಗಾಳಕ್ಕೆ ಸಿಕ್ಕಿಸಿ ಮೀನು ಹಿಡಿದರು. ಎಂಟರಲ್ಲಿ ಒಬ್ಬ ದೋಣಿಯಲ್ಲೇ ಸತ್ತ, ಏಳು ಜನ ಉಳಿದರು. ಇದರಲ್ಲಿ ಬರೆಯೋಕೆ ಇರೋದು ಹಕ್ಕಿ ಹಿಡಿದ ಕ್ಷಣ ಅಲ್ಲ ಅಂತ ನನ್ನ ಅಭಿಪ್ರಾಯ, ಕೈ ಇನ್ನೂ ಅರ್ಧ ದಾರಿಯಲ್ಲಿದೆ, ಉಳಿದವರು ಉಸಿರು ಬಿಗಿ ಹಿಡ್ಕೊಂಡು ಟೋಪಿ ಕಡೆ ನೋಡ್ತಿದ್ದಾರೆ, ಒಬ್ಬನೂ ಮಿಸುಕಾಡ್ತಿಲ್ಲ, ಅದು. ಅದೇ ವರ್ಷ ಫೆಬ್ರವರಿಯಲ್ಲಿ ನಾರ್ತ್ ಸೀಗೆ ಬಿದ್ದ ಬ್ರಿಟನ್ನಿನ ಬ್ಯೂಫೋರ್ಟ್ ಬಾಂಬರ್‌ನಲ್ಲಿ ಆಪತ್ತಲ್ಲಿ ಸುದ್ದಿ ಒಯ್ಯಲಿ ಅಂತ ಇಟ್ಕೊಂಡಿದ್ದ ವಿಂಕಿ ಅನ್ನೋ ಒಂದು ಪಾರಿವಾಳ ಇತ್ತು, ಮೈಯೆಲ್ಲಾ ಆಯಿಲ್ ಮೆತ್ಕೊಂಡೇ 120 ಮೈಲಿ ಹಾರಿ ಸ್ಕಾಟ್ಲೆಂಡಿನ ತನ್ನ ಗೂಡು ಸೇರ್ತು, ವಿಮಾನ ಬಿದ್ದ ಹೊತ್ತಿಗೂ ಅದು ಬಂದ ಹೊತ್ತಿಗೂ ಎಷ್ಟು ವ್ಯತ್ಯಾಸ, ಗಾಳಿ ಯಾವ ಕಡೆ, ರೆಕ್ಕೆ ಮೇಲಿನ ಆಯಿಲ್ ಅದನ್ನ ಎಷ್ಟು ನಿಧಾನ ಮಾಡಿರಬಹುದು ಅಂತ ಲೆಕ್ಕ ಹಾಕಿ ವಾಯುಪಡೆಯೋರು ಆ ನಾಲ್ಕು ಜನರನ್ನ ಹುಡುಕಿದರು. ಮಾರನೇ ವರ್ಷ ಅದಕ್ಕೆ ಯುದ್ಧದಲ್ಲಿ ಪ್ರಾಣಿಪಕ್ಷಿಗಳಿಗೆ ಕೊಡೋ ಡಿಕಿನ್ ಮೆಡಲ್ ಕೊಟ್ಟರು. ಜಿಡ್ಡು ಮೆತ್ತಿದ ಒಂದು ರೆಕ್ಕೆ ಬರೆದರೂ ಪೂರ್ತಿ ಕಥೆ ಬಂದುಬಿಡುತ್ತೆ.

ನಿಮ್ಮ ಪುಟದಲ್ಲೇ ಮೂಲೆಯಲ್ಲಿ ಫ್ರಾನ್ಸಿನ ಜೆರಿಕೋ ಬರೆದ ಅಪಘಾತವಾದ ಮೆಡೂಸಾ ಹಡಗಿನ ಜನ ತೇಲಿದ ತೆಪ್ಪದ ಚಿತ್ರವನ್ನೂ ಹಾಕಿದ್ರಿ, ಹಳೇ ಉದಾಹರಣೆ ಅಂತ. ಅದು 1819ರದ್ದು, 16 ಅಡಿ ಎತ್ತರ, 23 ಅಡಿಗೂ ಹೆಚ್ಚು ಅಗಲ. ತೆಪ್ಪ ಹತ್ತಿದ ಸುಮಾರು 147 ಜನರಲ್ಲಿ 13 ದಿನ ಕಳೆದು ಸಿಕ್ಕಾಗ ಜೀವಂತ ಇದ್ದೋರು 15. ಜೆರಿಕೋ ಬದುಕುಳಿದವರನ್ನ ಹುಡುಕಿ ಮಾತಾಡಿಸಿದ, ಅವರಲ್ಲೇ ಇದ್ದ ಬಡಗಿಯ ಕೈಯಲ್ಲಿ ತೆಪ್ಪದ ಮಾದರಿ ಮಾಡಿಸಿ ಎದುರಿಗೆ ಇಟ್ಕೊಂಡ, ಆಸ್ಪತ್ರೆಗೆ ಹೋಗಿ ಸಾಯ್ತಿರೋರ ಮೈಬಣ್ಣ ನೋಡಿ ಬಂದ. ಅಷ್ಟೆಲ್ಲಾ ಮಾಡಿ, ಅವರನ್ನ ಕಾಪಾಡೋ ಆರ್ಗಸ್ ಹಡಗನ್ನ ದಿಗಂತದಲ್ಲಿ ಸಾಸಿವೆ ಕಾಳಷ್ಟು ಇಟ್ಟಿದ್ದಾನೆ. ಇಡೀ ಚಿತ್ರ ಆ ಚುಕ್ಕಿ ಕಡೆ ತಿರುಗಿದೆ, ಅದು ಬರ್ತಿದೆಯೋ ಹೋಗ್ತಿದೆಯೋ ಗೊತ್ತಾಗಲ್ಲ. ನಿಮ್ಮ ಪೇಪರಲ್ಲಿ ಆ ಚಿತ್ರವನ್ನ ಅಂಗೈ ಅಗಲಕ್ಕೆ ಇಳಿಸಿದ್ದರಿಂದ ಆ ಚುಕ್ಕಿ ಅಚ್ಚಿನ ಮಸಿಯಲ್ಲಿ ಹೊರಟೇ ಹೋಗಿದೆ, ಭೂತಗನ್ನಡಿ ಇಟ್ಟು ಹುಡುಕಿದೆ, ಇಲ್ಲ. ಆ ಚುಕ್ಕಿ ಇಲ್ಲದೇ ಹೋದರೆ ಅವರೆಲ್ಲಾ ಯಾವುದಕ್ಕೆ ಬಟ್ಟೆ ಬೀಸ್ತಿದ್ದಾರೆ ಅಂತ ಓದುಗರು ತಿಳ್ಕೋಬೇಕು? ನನಗೆ ನಿಜವಾಗ್ಲೂ ಸಂಕಟ ಆಯ್ತು.

ಲೇಖನದಲ್ಲಿ ಹೆಸರೇ ಬಾರದ ಒಬ್ಬರ ಬಗ್ಗೆ ಹೇಳದೇ ಪತ್ರ ಮುಗಿಸೋಕೆ ಮನಸ್ಸಿಲ್ಲ. ಎರಿಕ್ ರಾವಿಲಿಯಸ್. ಇಂಗ್ಲೆಂಡಿನ ಜಲವರ್ಣ ಕಲಾವಿದ, ಯುದ್ಧದ ಕಾಲದಲ್ಲಿ ಸರ್ಕಾರವೇ ಚಿತ್ರ ಬರೆಯೋಕೆ ನೇಮಿಸಿದ್ದವರಲ್ಲಿ ಒಬ್ಬ. ಕಾಗದದ ಬಿಳಿಯನ್ನ ಹಾಗೇ ಬಿಟ್ಟು, ಒಣ ಕುಂಚದಿಂದ ಸಣ್ಣ ಸಣ್ಣ ಗೆರೆ ಎಳೆದು ಹಿಮ, ಬೆಳಗು, ಸಮುದ್ರ ಬರೀತಿದ್ದ. 1942ರ ಆಗಸ್ಟ್ ಕೊನೆಗೆ ಐಸ್‌ಲ್ಯಾಂಡಿಗೆ ಹೋದ. ಸೆಪ್ಟೆಂಬರ್ 1ಕ್ಕೆ ಕಾಲ್ಡಾಡಾರ್ನೆಸ್ ಅನ್ನೋ ವಾಯುನೆಲೆ ತಲುಪಿದಾಗ ಅಲ್ಲಿಂದ ಹಾರಿದ್ದ ಒಂದು ಹಡ್ಸನ್ ವಿಮಾನ ವಾಪಸ್ ಬಂದಿರಲಿಲ್ಲ. ಮಾರನೇ ಬೆಳಗ್ಗೆ ಹುಡುಕೋಕೆ ಮೂರು ವಿಮಾನ ಹೊರಟವು, ಈತ ತಾನಾಗೇ ಕೇಳಿ ಒಂದರಲ್ಲಿ ಹತ್ತಿದ. ಆ ವಿಮಾನವೂ ಬರಲಿಲ್ಲ. ನಾಲ್ಕು ದಿನ ಹುಡುಕಿದರು, ಅವನೂ ಅವನ ಜೊತೆಗಿದ್ದ ನಾಲ್ಕು ಜನರೂ ಸಿಗಲಿಲ್ಲ. 39 ವರ್ಷ ವಯಸ್ಸು. ಸಮುದ್ರಕ್ಕೆ ಬಿದ್ದ ವಿಮಾನದವರನ್ನ ಹುಡುಕೋದು ಹೆಂಗಿರುತ್ತೆ ಅಂತ ಮೇಲಿಂದ ಕಣ್ಣಾರೆ ನೋಡಿದ ಚಿತ್ರಕಾರ, ಆದ್ರೆ ಆ ಬೆಳಗ್ಗೆ ಅವನು ನೋಡಿದ್ದು ಯಾವ ಕಾಗದದ ಮೇಲೂ ಬರಲಿಲ್ಲ. ಗ್ರೀನ್ ಹಾರ್ನೆಟ್ ಕೂಡಾ ಹಿಂಗೇ, ಕಾಣೆಯಾದ ಇನ್ನೊಂದು ವಿಮಾನ ಹುಡುಕೋಕೆ ಹೊರಟು ಬಿದ್ದಿದ್ದು. ಇಂಥಾ ಚಿತ್ರಗಳು ಕಮ್ಮಿ ಯಾಕೆ ಅಂತ ಲೇಖಕರು ಕೇಳಿದ್ರಲ್ಲ, ಅಲ್ಲಿ ಏನೂ ನಡೆಯಲಿಲ್ಲ ಅಂತಲ್ಲ ಸಾರ್, ನೋಡಿದವರಲ್ಲಿ ಎಷ್ಟೋ ಜನ ಹೇಳೋಕೆ ವಾಪಸ್ ಬರಲಿಲ್ಲ.

ಬಂದವರಲ್ಲಿ ಒಬ್ಬ ಡಿಕ್ಸನ್, ಅವನೂ ಒಂದು ಚಿತ್ರ ಬರೆದಿದ್ದ ಅಂತ ನಾನು ಹೇಳ್ತೀನಿ. ಮ್ಯಾಪ್ ಇಲ್ಲದ ಕಾರಣ ನೆನಪಿಂದಲೇ ಆ ಕಡೆಯ ಸಮುದ್ರದ ನಕ್ಷೆಯನ್ನ ಲೈಫ್ ಜಾಕೆಟ್ ಮೇಲೆ ಪೆನ್ಸಿಲಲ್ಲಿ ಗೀಚ್ಕೊಂಡು, ಗಾಳಿ ನೋಡಿ, ಎಷ್ಟು ಬಂದ್ವಿ ಅಂತ ದಿನಾ ಲೆಕ್ಕ ಹಾಕ್ತಿದ್ದ. ಒದ್ದೆ ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಎಳೆಯೋದು ಎಷ್ಟು ಕಷ್ಟ ಅಂತ ಪ್ರಯತ್ನ ಮಾಡಿ ನೋಡಿದೀನಿ, ಒಂದೇ ಕಡೆ ಐದಾರು ಸಲ ಒತ್ತಿ ಎಳೆದರೆ ಮಾತ್ರ ಗುರುತು ಉಳಿಯುತ್ತೆ. ಹಾಗಾಗಿ ನನ್ನ ಚಿತ್ರದ ಡಿಕ್ಸನ್ ಸಮುದ್ರ ನೋಡ್ತಿಲ್ಲ, ತೊಡೆ ಮೇಲೆ ಜಾಕೆಟ್ ಇಟ್ಕೊಂಡು ತಲೆ ಬಗ್ಗಿಸಿ ಗೆರೆ ಎಳೀತಿದ್ದಾನೆ. ಆಲ್ಡ್ರಿಚ್ ದಿಗಂತದ ಆ ಒಂದು ಗೇಣು ಜಾಗ ಕಾಯ್ತಿದ್ದಾನೆ. ಪಾಸ್ಟುಲಾ ನಿದ್ದೆ ಮಾಡ್ತಿದ್ದಾನೆ, ಇಬ್ಬರ ಕಾಲೂ ಅವನ ಮೇಲೆ.

ನನ್ನ ಕೋರಿಕೆ ಇಷ್ಟೇ. ಮುಂದೆ ಇಂಥಾ ಲೇಖನ ಹಾಕುವಾಗ ಚಿತ್ರದ ಕೆಳಗೆ ಬರೆದವರ ಹೆಸರು, ವರ್ಷ, ಅಳತೆ ದಯವಿಟ್ಟು ಹಾಕಿ, ಉರಿಯೋ ವಿಮಾನದ ಆ ದೊಡ್ಡ ಚಿತ್ರಕ್ಕೆ ಹೆಸರೇ ಇರಲಿಲ್ಲ. ಸಮುದ್ರದ ಚಿತ್ರಗಳನ್ನ ಪುಟಕ್ಕೆ ಹೊಂದಿಸೋಕೆ ಚಿಕ್ಕದು ಮಾಡಲೇಬೇಕಾದರೆ ಒಂದನ್ನೇ ಹಾಕಿ, ದೊಡ್ಡದಾಗಿ ಹಾಕಿ. ರಾವಿಲಿಯಸ್ ಬಗ್ಗೆ ಗೊತ್ತಿರೋ ಯಾರಿಂದಾದ್ರೂ ಅರ್ಧ ಪುಟ ಬರೆಸಿದರೆ ಇನ್ನೂ ಸಂತೋಷ. ಲೇಖಕರಿಗೆ ನನ್ನ ನಮಸ್ಕಾರ ತಿಳಿಸಿ, ಅವರ ಮೇಲೆ ನನಗೆ ಕೋಪ ಇಲ್ಲ, ಅವರು ಬರೆಯದಿದ್ರೆ ನಾನು ಇಷ್ಟು ಯೋಚನೆ ಮಾಡ್ತಿರಲಿಲ್ಲ. ಅವರು ಒಪ್ಪಿದರೆ ಬಂದು ಚಿತ್ರ ನೋಡಲಿ, ಪಾಸ್ಟುಲಾನ ಎಡಗೈ ಇನ್ನೂ ಬಾಕಿ ಇದೆ, ನಿದ್ದೆಯಲ್ಲೂ ಅದು ದೋಣಿಯ ಹಗ್ಗ ಹಿಡ್ಕೊಂಡಿರಬೇಕು, ಬಿಗಿಯಾಗಿ ಹಿಡಿದ ಹಾಗೆ ಬರೆದರೆ ಎಚ್ಚರ ಇದ್ದ ಹಾಗೆ ಕಾಣ್ತಾನೆ, ಸಡಿಲ ಬಿಟ್ಟರೆ ಸತ್ತ ಹಾಗೆ ಕಾಣ್ತಾನೆ, ನಾಲ್ಕು ಸಲ ಒರೆಸಿದೀನಿ.

ಇಂತಿ,
ನಿಮ್ಮ ಹಳೇ ಓದುಗ, ಒಬ್ಬ ಡ್ರಾಯಿಂಗ್ ಮೇಷ್ಟ್ರು